ಗಣಿಯ ತಪ್ಪಲ್ಲದ ನೀರು

ಟಿಪ್ಪರರಿಯ ಗುಡ್ಡಗಳ ನಡುವೆ ಮುಚ್ಚಿಹೋದ ಒಂದು ಕಲ್ಲಿದ್ದಲು ಗಣಿ ಇದೆ. ಅದರ ಸುತ್ತಮುತ್ತ ನೆಲದಡಿಯ ನೀರು ಎಷ್ಟು ಮೇಲಿದೆ, ಹೇಗಿದೆ ಅಂತ ನೋಡಿ ಬರುವುದು ಕೆಲವು ವರ್ಷಗಳಿಂದ ನನ್ನ ಕೆಲಸ. ಲಿಮೆರಿಕ್‌ನ ನಮ್ಮ ಮನೆಯಿಂದ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಮೂರು ತಿಂಗಳಿಗೊಮ್ಮೆ ಹೋಗುತ್ತೇನೆ. ಕಾರಿನ ಹಿಂದೆ ಅಳತೆಯ ಟೇಪು, ಒಂದು ಸಣ್ಣ ಪಂಪು, ಐಸ್ ತುಂಬಿದ ಡಬ್ಬಿ, ಅದರಲ್ಲಿ ಖಾಲಿ ಬಾಟಲಿಗಳು. ಗುಡ್ಡದ ಮೇಲೆ ಹೋಗುವ ಮುಂಚೆ ಆಫೀಸಿಗೆ ಫೋನ್ ಮಾಡಿ ಹೇಳಬೇಕು, ಇಳಿದ ಮೇಲೆ ಮತ್ತೆ ಹೇಳಬೇಕು. ಒಬ್ಬರೇ ಕೆಲಸ ಮಾಡುವವರಿಗೆ ಇಲ್ಲಿ ಅದು ನಿಯಮ.

ನಾನು ಈ ಕಸುಬು ಕಲಿತದ್ದು ಕೋಲಾರದ ಕಡೆ. ಮೈಸೂರಿನಲ್ಲಿ ಭೂವಿಜ್ಞಾನ ಓದಿ ಮುಗಿಸಿ, ಕೊಳವೆಬಾವಿಗಳ ನೀರಿನ ಮಟ್ಟ ಅಳೆಯುವ ಒಂದು ಪ್ರಾಜೆಕ್ಟಿಗೆ ಸೇರಿದ್ದೆ. ಅಲ್ಲಿ ಟೇಪನ್ನು ಎಷ್ಟು ಬಿಟ್ಟರೂ ಇಳಿಯುತ್ತಲೇ ಇರುತ್ತಿತ್ತು. ಟೇಪು ಮುಗಿದರೂ ನೀರು ಸಿಗದ ದಿನಗಳಿದ್ದವು. ಮದುವೆಯಾಗಿ, ಗಂಡನಿಗೆ ಲಿಮೆರಿಕ್‌ನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಈ ದೇಶಕ್ಕೆ ಬಂದೆವು. ಮಗಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ ನಾನೂ ಒಂದು ಸಣ್ಣ ಕಂಪನಿಗೆ ಸೇರಿಕೊಂಡೆ. ಮೊದಲ ಸಲ ಈ ಗುಡ್ಡದಲ್ಲಿ ಟೇಪು ಬಿಟ್ಟಾಗ, ಕೈಯಲ್ಲಿದ್ದ ರೀಲು ಇನ್ನೂ ನಾಲ್ಕು ಸುತ್ತು ತಿರುಗಿರಲಿಲ್ಲ, ಕೆಳಗೆ ಬೀಪ್ ಅಂತ ಸದ್ದಾಯಿತು. ಟೇಪಿನ ತುದಿಗೆ ನೀರು ತಾಗಿದರೆ ಹಾಗೆ ಸದ್ದು ಬರುತ್ತದೆ. ಎಲ್ಲೋ ಒದ್ದೆ ಕಲ್ಲಿಗೆ ತಾಗಿರಬೇಕು ಅಂದುಕೊಂಡು ಎಳೆದು ಮತ್ತೆ ಬಿಟ್ಟೆ. ನೀರೇ. ಕೋಲಾರದಲ್ಲಿ ನಮಗಿದ್ದ ಚಿಂತೆಯೆಲ್ಲ ನೀರು ಕೆಳಗೆ ಹೋಗುತ್ತಿದೆ ಎಂಬುದು. ಇಲ್ಲಿ ಅದು ಮೇಲೆ ಬರುತ್ತಿದೆ ಎಂಬುದೇ ಚಿಂತೆ.

ಯಾಕೆಂದರೆ ಗಣಿ ನಡೆಯುತ್ತಿದ್ದ ಕಾಲದಲ್ಲಿ ಹಗಲೂ ರಾತ್ರಿ ಪಂಪು ಓಡಿಸಿ ಸುರಂಗಗಳನ್ನು ಒಣಗಿಸಿ ಇಟ್ಟುಕೊಂಡಿದ್ದರು. ಮುಚ್ಚಿದ ದಿನ ಪಂಪುಗಳೂ ನಿಂತವು. ಆಮೇಲೆ ಸುರಂಗಗಳೆಲ್ಲ ನಿಧಾನಕ್ಕೆ ತುಂಬಿಕೊಂಡವು. ಒಡೆದ ಕಲ್ಲಿನ ನಡುವೆ ನಿಂತ ನೀರು ಕಬ್ಬಿಣವನ್ನೂ ಗಂಧಕವನ್ನೂ ಕರಗಿಸಿಕೊಳ್ಳುತ್ತದೆ. ಒಳಗಿರುವಾಗ ತಿಳಿಯಾಗಿಯೇ ಕಾಣುತ್ತದೆ. ಹೊರಗೆ ಬಂದು ಗಾಳಿ ಸೋಕಿದ ಮೇಲೆ ಕೇಸರಿ ಬಣ್ಣಕ್ಕೆ ತಿರುಗುತ್ತದೆ. ಗುಡ್ಡದ ಕೆಳಗೆ ಒಂದು ಸಣ್ಣ ಹೊಳೆಯಿದೆ. ಹಳೆಯ ಸುರಂಗವೊಂದರ ಬಾಯಿಂದ ಅದಕ್ಕೆ ಈ ನೀರು ಸೇರುವ ಕಡೆಯಿಂದ ಮುಂದೆ ಸ್ವಲ್ಪ ದೂರ ಕಲ್ಲು, ಬೇರು, ಕೊಚ್ಚೆ ಎಲ್ಲವೂ ಅದೇ ಬಣ್ಣ. ಅಲ್ಲಿ ಮೀನಿಲ್ಲ. ಕಲ್ಲು ಎತ್ತಿ ನೋಡಿದರೆ ಹುಳುವೂ ಇಲ್ಲ.

ಈ ನೀರು ಸುತ್ತಲಿನ ಮನೆಗಳ ಬಾವಿಗೂ ಹೋಗುತ್ತಿದೆಯೇ ಎಂದು ನೋಡುವುದು ನನ್ನ ಕೆಲಸದ ಮುಖ್ಯ ಭಾಗ. ಅಳತೆಗೆಂದೇ ಕೊರೆದ ಕೆಲವು ಬೋರುಗಳಿವೆ, ಹೊಳೆಯಲ್ಲಿ ಕೆಲವು ಜಾಗಗಳಿವೆ, ಜೊತೆಗೆ ನಾಲ್ಕಾರು ಮನೆಗಳ ಬಾವಿಗಳು. ಬಾವಿ ಅಂದರೆ ನಮ್ಮ ಕಡೆಯ ಹಾಗೆ ಕಟ್ಟೆ ಕಟ್ಟಿದ ಬಾವಿ ಅಲ್ಲ. ಕೊಳವೆಬಾವಿಯೇ, ಇವರು ಅದಕ್ಕೂ ಬಾವಿ ಅಂತಲೇ ಅನ್ನುತ್ತಾರೆ.

ಆ ಮನೆಗಳಲ್ಲಿ ಒಂದರಲ್ಲಿ ಒಬ್ಬ ಅಕ್ಕ, ಒಬ್ಬ ತಮ್ಮ ಇದ್ದರು. ಇಬ್ಬರೂ ಎಪ್ಪತ್ತು ದಾಟಿದವರು, ಇಬ್ಬರೂ ಮದುವೆಯಾದವರಲ್ಲ. ಹುಟ್ಟಿದ ಮನೆಯಲ್ಲೇ ಬೆಳೆದು, ಅಲ್ಲೇ ಉಳಿದುಕೊಂಡವರು. ಈ ದೇಶದ ಹಳ್ಳಿಗಳಲ್ಲಿ ಹಾಗೆ ಬಾಳಿದವರು ಬಹಳ ಜನ ಸಿಗುತ್ತಾರೆ. ಅಕ್ಕ ಊರಿನ ಶಾಲೆಯಲ್ಲಿ ಅಡುಗೆ ಮಾಡುತ್ತಿದ್ದವರು. ತಮ್ಮ, ಗಣಿ ಮುಚ್ಚುವವರೆಗೂ ಅದರೊಳಗೆ ದುಡಿದವರು. ಆಮೇಲೆ ಕೆಲವು ದನ ಸಾಕಿಕೊಂಡು ಮನೆಯ ಹಿಂದಿನ ಹೊಲ ನೋಡಿಕೊಂಡಿದ್ದರು. ಅವರ ಮನೆಯಿಂದ ಗಣಿಯ ಹಳೆಯ ಚಿಮಣಿ ಕಾಣಿಸುತ್ತದೆ. ಮನೆಗೂ ಗಣಿಗೂ ನಡುವೆ ಒಂದು ಅಳತೆಯ ಬೋರಿತ್ತು. ನನಗೆ ಬಹಳ ಮುಖ್ಯವಾದದ್ದು ಅದು. ಗಣಿಯ ನೀರು ಅವರ ಬಾವಿಯ ಕಡೆ ಹೊರಟರೆ ಮೊದಲು ಅಲ್ಲಿ ಗೊತ್ತಾಗಬೇಕು.

ಮೊದಲ ದಿನ ನಾನು ಗೇಟಿನ ಹತ್ತಿರ ನಿಂತು ಯಾರು, ಯಾಕೆ ಬಂದೆ ಎಂದು ಹೇಳಿದಾಗ ಅಕ್ಕ ಕೇಳಿಸಿಕೊಂಡು, ಒಳಗೆ ಬಾ ಪೆಟ್, ಮೊದಲು ಚಹಾ ಕುಡಿ ಅಂದರು. ಪೆಟ್ ಅಂದರೆ ಇಲ್ಲಿಯ ಹಿರಿಯ ಹೆಂಗಸರ ಬಾಯಲ್ಲಿ ನಮ್ಮ 'ಮಗಾ' ಇದ್ದ ಹಾಗೆ. ಚಹಾ ಮಾಡಿದ್ದು ಅದೇ ಬಾವಿಯ ನೀರಿನಲ್ಲಿ. ನಾನು ಅದನ್ನು ಪರೀಕ್ಷೆ ಮಾಡುವುದಕ್ಕೆ ಬಂದವಳು. ಆದರೂ ಕುಡಿದೆ. ಚೆನ್ನಾಗಿತ್ತು.

ಅಕ್ಕನಿಗೆ ಗಣಿಯ ಮೇಲೆ ಒಂದು ಸಿಟ್ಟಿತ್ತು. ಅದನ್ನು ಅವರು ಜೋರಾಗಿ ತೋರಿಸುತ್ತಿರಲಿಲ್ಲ. ನೀರಿನಲ್ಲಿ ಒಂದು ಥರದ ರುಚಿ ಬರುತ್ತದೆ, ಬಿಳಿ ಬಟ್ಟೆ ಹಳದಿಯಾಗುತ್ತದೆ, ಕೆಟಲಿನ ತಳದಲ್ಲಿ ಏನೋ ಕೂರುತ್ತದೆ ಎಂದು ಒಂದೊಂದಾಗಿ ಹೇಳುತ್ತಿದ್ದರು. ಎಲ್ಲಕ್ಕೂ ಗಣಿಯೇ ಕಾರಣ ಎಂಬುದು ಅವರ ನಂಬಿಕೆ. ತಮ್ಮ ಮಾತ್ರ ಗಣಿಯ ಬಗ್ಗೆ ಒಂದೂ ಕೆಟ್ಟ ಮಾತು ಆಡುತ್ತಿರಲಿಲ್ಲ. ಒಳ್ಳೆಯ ಕೆಲಸ ಅದು, ಒಳ್ಳೆಯ ಜನ ಇದ್ದರು, ಅನ್ನುತ್ತಿದ್ದರು ಅಷ್ಟೇ. ಅಕ್ಕ ನೀರಿನ ಮಾತು ತೆಗೆದರೆ ತಮ್ಮ, ಕ್ಯಾಪು ಹಾಕಿಕೊಂಡು ದನ ನೋಡಲು ಹೊರಗೆ ಹೋಗಿಬಿಡುತ್ತಿದ್ದರು. ಒಂದು ಸಲ ಅಕ್ಕ, ನಮ್ಮಪ್ಪನೂ ಅಲ್ಲೇ ಇದ್ದದ್ದು, ಐವತ್ತು ದಾಟುವ ಹೊತ್ತಿಗೆ ಹೋಗಿಬಿಟ್ಟರು, ಡಾಕ್ಟರು ಹೃದಯದ ತೊಂದರೆ ಅಂದರು ಎಂದು ಹೇಳಿದರು. ಆಗಲೂ ತಮ್ಮ ಎದ್ದು ಹೊರಗೆ ಹೋದರು.

ನಾನು ನೀರು ತೆಗೆಯುವಾಗ ಅಕ್ಕ ಪಕ್ಕದಲ್ಲೇ ನಿಂತಿರುತ್ತಿದ್ದರು. ನಲ್ಲಿಯನ್ನು ಸ್ವಲ್ಪ ಹೊತ್ತು ಹರಿಯಬಿಟ್ಟು, ಉಪಕರಣದ ಅಂಕಿ ಒಂದೇ ಕಡೆ ನಿಲ್ಲುವವರೆಗೆ ಕಾಯಬೇಕು. ಆಮೇಲೆ ಬಾಟಲಿ ತುಂಬಬೇಕು. ಅಷ್ಟು ಹೊತ್ತೂ ಅವರು ಆ ಅಂಕಿಗಳನ್ನೇ ನೋಡುತ್ತಿದ್ದರು. ಏನು ಹೇಳ್ತಿದೆ ಅಂತ ಕೇಳುತ್ತಿದ್ದರು. ನನಗೆ ಇಂಗ್ಲಿಷಿನಲ್ಲಿ ಮಾತು ಸುಲಭವಾಗಿ ಬರುತ್ತಿದ್ದರೂ ಇಂಥ ಕಡೆ ಯಾವ ಪದ ಬಳಸಬೇಕೆಂದು ಗೊತ್ತಾಗುತ್ತಿರಲಿಲ್ಲ. ಕೊನೆಗೆ ಅವರದೇ ಪದ ಕಲಿತುಕೊಂಡೆ. 'ಗ್ರ್ಯಾಂಡ್' ಅಂದುಬಿಡುತ್ತಿದ್ದೆ. ನಮ್ಮಲ್ಲಿ ಗ್ರ್ಯಾಂಡ್ ಅಂದರೆ ಮದುವೆ ಮನೆ, ರೇಷ್ಮೆ ಸೀರೆ. ಇಲ್ಲಿ ಪರವಾಗಿಲ್ಲ ಅನ್ನುವುದಕ್ಕೆ ಅಷ್ಟು ದೊಡ್ಡ ಪದ. ಮಗಳು ಈಗ ಮನೆಯಲ್ಲಿ ನಾನು ಕನ್ನಡದಲ್ಲಿ ಊಟ ಹೇಗಿದೆ ಎಂದು ಕೇಳಿದರೂ ಅದನ್ನೇ ಹೇಳುತ್ತಾಳೆ.

ಮೂರ್ನಾಲ್ಕು ಸುತ್ತು ಹೀಗೆ ಕಳೆಯಿತು. ಪ್ರತಿ ಸಲವೂ ಅವರ ಬಾವಿಯ ನೀರಿನಲ್ಲಿ ಕಬ್ಬಿಣ ಕಡಿಮೆ, ಗಂಧಕದ ಅಂಶ ಕಡಿಮೆ. ನಡುವಿನ ಬೋರಿನಲ್ಲಿ ನೀರಿನ ಮಟ್ಟ ಚಳಿಗಾಲದಲ್ಲಿ ಸ್ವಲ್ಪ ಏರಿ, ಬೇಸಿಗೆಯಲ್ಲಿ ಇಳಿಯುತ್ತಿತ್ತು. ಎಲ್ಲೂ ಗಣಿಯ ಗುರುತಿಲ್ಲ. ಒಳ್ಳೆಯ ಸುದ್ದಿ ಎಂದುಕೊಂಡು ನಾನು ಅದನ್ನು ಹೇಳುತ್ತಿದ್ದೆ. ಅಕ್ಕ ತಲೆಯಾಡಿಸುತ್ತಿದ್ದರು. ಸಂತೋಷಪಟ್ಟ ಹಾಗೆ ಕಾಣುತ್ತಿರಲಿಲ್ಲ. ನನಗೆ ಆಗ ಅದು ಅರ್ಥವಾಗಿರಲಿಲ್ಲ.

ಮುಂದಿನ ಚಳಿಗಾಲ ಬಹಳ ಮಳೆಯಾಯಿತು. ಬೋರುಗಳಲ್ಲೆಲ್ಲ ನಾನು ಅದುವರೆಗೆ ನೋಡಿರದಷ್ಟು ಮೇಲೆ ನೀರು ಬಂದಿತ್ತು. ಫೆಬ್ರವರಿಯ ಸುತ್ತಿಗೆ ಹೋದಾಗ ಅಕ್ಕ ಬಾಗಿಲಿಗೆ ಬರಲಿಲ್ಲ. ತಮ್ಮ ಬಂದು ಬಾಗಿಲು ತೆಗೆದರು. ಒಳಗೆ ಅಕ್ಕ ಒಲೆಯ ಪಕ್ಕದ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದರು. ಅರ್ಧ ಆಗಿಹೋಗಿದ್ದರು. ಕ್ರಿಸ್ಮಸ್ ಕಳೆದ ಮೇಲೆ ಹೊಟ್ಟೆ ಕೆಟ್ಟು, ರಕ್ತ ಹೋಗಿ, ಆಸ್ಪತ್ರೆಯಲ್ಲಿ ಮಲಗಿ ಬಂದಿದ್ದರು. ಒಂದು ಹಂತದಲ್ಲಿ ಮೂತ್ರಪಿಂಡಕ್ಕೂ ತೊಂದರೆಯಾಗಬಹುದು ಎಂದು ಡಾಕ್ಟರುಗಳು ಹೆದರಿದ್ದರಂತೆ. ಅಲ್ಲಿ ಬಾವಿಯ ನೀರು ಕುಡಿಯುತ್ತೀರಾ ಎಂದು ಯಾರೋ ಕೇಳಿದ್ದರು. ಹೌದು ಅಂದಿದ್ದರು.

ಆ ದಿನ ಚಹಾ ಕೊಡಲಿಲ್ಲ. ಅಂಗಡಿಯ ಬಾಟಲಿ ನೀರು ಮೇಜಿನ ಮೇಲಿತ್ತು. ಅಕ್ಕ ನನ್ನನ್ನು ಎದುರಿಗೆ ಕೂರಿಸಿಕೊಂಡರು.

"ನೀನು ಬಂದಾಗೆಲ್ಲ ನೀರು ಗ್ರ್ಯಾಂಡ್ ಅಂತಿದ್ದೆ," ಅಂದರು. "ನಾನು ನಿನ್ನ ಮಾತು ನಂಬಿ ಕುಡಿದೆ."

ಸಿಟ್ಟಿನಿಂದ ಹೇಳಲಿಲ್ಲ.  ನಾನು ನೋಡುತ್ತಿದ್ದದ್ದು ಗಣಿಯಿಂದ ಬರುವ ಲೋಹಗಳನ್ನು ಮಾತ್ರ, ಬೇರೆ ಯಾವುದನ್ನೂ ನೋಡಲು ನಮಗೆ ಹೇಳಿರಲಿಲ್ಲ ಎಂದು ವಿವರಿಸಿದೆ. ಅದು ನಿಜವೇ. ಆದರೆ ಹೇಳುತ್ತಿದ್ದ ಹಾಗೆ ಆ ಮಾತು ನನ್ನ ಕಿವಿಗೇ ಸರಿಯೆನಿಸಲಿಲ್ಲ. ಅವರ ಪಾಲಿಗೆ ನೀರು ಒಂದೇ. ಕುಡಿಯಬಹುದು, ಇಲ್ಲವೇ ಕುಡಿಯಬಾರದು. ನಾನು ಹತ್ತು ಪ್ರಶ್ನೆಗಳಲ್ಲಿ ಎರಡಕ್ಕೆ ಉತ್ತರ ಹುಡುಕಿಕೊಂಡು ಬಂದು, ಪೂರ್ತಿ ಉತ್ತರದ ಹಾಗೆ ಕೇಳಿಸುವ ಒಂದು ಪದ ಹೇಳಿ ಹೋಗುತ್ತಿದ್ದೆ.

ಅಕ್ಕ ಅಷ್ಟಕ್ಕೆ ಬಿಡಲಿಲ್ಲ. ಈ ವರ್ಷ ನೀರು ಎಲ್ಲ ಕಡೆ ಮೇಲೆ ಬಂದಿದೆ ಎಂದು ರೇಡಿಯೋದಲ್ಲಿ ಕೇಳಿದ್ದರು. ಗಣಿಯೂ ತುಂಬಿ ನಮ್ಮ ಬಾವಿಗೆ ನುಗ್ಗಿರಬೇಕು ಅಂದರು. ಕಿಟಕಿಯ ಹತ್ತಿರ ತಮ್ಮ ನಿಂತಿದ್ದರು. ಈ ಸಲ ಹೊರಗೆ ಹೋಗಲಿಲ್ಲ. 

ಆ ದಿನವೇ ಎಂದಿನ ಬಾಟಲಿಗಳನ್ನು ತುಂಬಿಕೊಂಡೆ. ಸಂಜೆ ಮನೆಗೆ ಬಂದು, ಅಡುಗೆ ಮಾಡುತ್ತ, ಗಂಡನಿಗೆ ಎಲ್ಲವನ್ನೂ ಹೇಳಿದೆ. ಅವನು ತಟ್ಟೆ ಹಾಕುತ್ತಿದ್ದವನು ಕೈ ನಿಲ್ಲಿಸಿದ.

"ರಕ್ತ ಹೋಯ್ತು ಅಂದ್ರಾ? ಕಬ್ಬಿಣದ ನೀರು ಕುಡಿದ್ರೆ ಹಂಗಾಗಲ್ಲ ಕಣೇ. ದನ ಇದಾವಾ ಅವ್ರ ಮನೇಲಿ?"

ಇವೆ ಅಂದೆ. ಹಾಗಾದರೆ ಮೊದಲು ಸಗಣಿಯ ಕಡೆ ನೋಡು, ಆಮೇಲೆ ಗಣಿಯ ಕಡೆ ನೋಡು ಎಂದ. ಮಳೆ ಜೋರಾದ ಚಳಿಗಾಲದಲ್ಲಿ ಹಳ್ಳಿಗಳಿಂದ ಇಂಥ ಕೇಸುಗಳು ಬರುತ್ತಲೇ ಇರುತ್ತವಂತೆ. ದನದ ಹೊಟ್ಟೆಯಲ್ಲಿ ಸುಮ್ಮನಿರುವ ಬ್ಯಾಕ್ಟೀರಿಯಾ ಮನುಷ್ಯರ ಹೊಟ್ಟೆಗೆ ಬಂದರೆ ಹೀಗೆ ಮಾಡುತ್ತದೆ. ಮಕ್ಕಳಿಗೂ ವಯಸ್ಸಾದವರಿಗೂ ಜಾಸ್ತಿ, ದಿನವೂ ದನಗಳ ಜೊತೆ ಇರುವವರಿಗೆ ಕಡಿಮೆ.

ಮರುದಿನ ನಮ್ಮ ಆಫೀಸಿನ ಮೇಲಧಿಕಾರಿಯ ಹತ್ತಿರ ಹೋಗಿ, ಆ ಮನೆಯ ನೀರನ್ನು ಬ್ಯಾಕ್ಟೀರಿಯಾಕ್ಕೂ ನೋಡಬೇಕು ಎಂದೆ. ಆಕೆ ನನಗಿಂತ ಚಿಕ್ಕವಳು, ಡಬ್ಲಿನ್ನಿನವಳು, ಕೆಲಸದಲ್ಲಿ ಕಟ್ಟುನಿಟ್ಟು. ನಮಗೆ ವಹಿಸಿದ್ದರಲ್ಲಿ ಅದಿಲ್ಲವಲ್ಲ ಎಂದು ಮೊದಲು ಅಂದಳು. ನಾನು ಆ ಮನೆಯ ಕಥೆ ಹೇಳಿದೆ. ಸ್ವಲ್ಪ ಹೊತ್ತು ಕಂಪ್ಯೂಟರ್ ನೋಡಿಕೊಂಡಿದ್ದು, ಹೋಗಿ ತಗೊಂಡು ಬಾ, ನಾನು ನೋಡಿಕೊಳ್ಳುತ್ತೇನೆ ಅಂದಳು. 

ಆ ಪರೀಕ್ಷೆಯ ನೀರನ್ನು ಅದೇ ದಿನ ಲ್ಯಾಬಿಗೆ ಮುಟ್ಟಿಸಬೇಕು. ಬೆಳಗ್ಗೆ ಬೇಗ ಹೊರಟೆ. ನಲ್ಲಿಯ ಬಾಯನ್ನು ಸ್ಪಿರಿಟ್‌ನಿಂದ ಒರೆಸಿ, ನೀರು ಹರಿಯಬಿಟ್ಟು, ಮುಚ್ಚಳದ ಒಳಭಾಗಕ್ಕೆ ಕೈ ತಾಗದ ಹಾಗೆ ಬಾಟಲಿ ತುಂಬಿದೆ. ಆಮೇಲೆ ಬಾವಿಯನ್ನೇ ನೋಡಬೇಕು ಅಂದೆ. ಅದುವರೆಗೂ ನಾನು ಅಡುಗೆಮನೆಯ ನಲ್ಲಿಯಿಂದಲೇ ನೀರು ತೆಗೆಯುತ್ತಿದ್ದೆ. ತಮ್ಮ ನನ್ನನ್ನು ಮನೆಯ ಹಿಂದೆ ಕರೆದುಕೊಂಡು ಹೋದರು. ಹೊಲದ ಅಂಚಿನಲ್ಲಿ, ನೆಲಮಟ್ಟಕ್ಕಿಂತ ಕೆಳಗೆ ಒಂದು ಸಿಮೆಂಟಿನ ಗುಂಡಿ, ಅದರ ಮೇಲೆ ತುಕ್ಕು ಹಿಡಿದ ತಗಡು. ತಗಡು ಸರಿಸಿದರೆ ಬಾವಿಯ ಪೈಪಿನ ಬಾಯಿ ಕಾಣುತ್ತಿತ್ತು. ಅದರ ಸುತ್ತ ಕಂದು ಬಣ್ಣದ ನೀರು ನಿಂತಿತ್ತು. ಪೈಪಿನ ಮೇಲೆ ಮುಚ್ಚಳವಿರಲಿಲ್ಲ, ಒಂದು ಕಲ್ಲು ಇಟ್ಟಿದ್ದರು.

ನಾನು ತಲೆ ಎತ್ತಿ ಹೊಲದ ಮೇಲ್ಭಾಗ ನೋಡಿದೆ. ಅಲ್ಲಿ ದನಗಳಿಗೆ ಒಣಹುಲ್ಲು ಹಾಕುವ ಕಬ್ಬಿಣದ ದುಂಡನೆಯ ಚೌಕಟ್ಟಿತ್ತು. ಅದರ ಸುತ್ತ ದನಗಳು ತುಳಿದೂ ತುಳಿದೂ ಸಗಣಿ, ಮಣ್ಣು, ನೀರು ಎಲ್ಲ ಕಲೆತು ಕೆಸರಾಗಿತ್ತು. ಇಳಿಜಾರು ನೇರವಾಗಿ ಬಾವಿಯ ಕಡೆಗೇ ಇತ್ತು.

ಇದು ಯಾವಾಗಲೂ ಇಲ್ಲೇ ಇರುತ್ತಾ ಎಂದು ಕೇಳಿದೆ. ಇಲ್ಲ, ಕೆಳಗಿನ ಹೊಲದಲ್ಲಿ ಇಡುತ್ತಿದ್ದೆ, ಈ ಸಲ ಅಲ್ಲಿ ನೀರು ನಿಂತು ದನಗಳ ಕಾಲು ಹೂಳುತ್ತಿತ್ತು, ನವೆಂಬರಿನಲ್ಲಿ ಇಲ್ಲಿಗೆ ತಂದೆ ಎಂದರು ತಮ್ಮ. ಹೇಳುತ್ತಿದ್ದವರು ಅರ್ಧಕ್ಕೆ ನಿಲ್ಲಿಸಿದರು. ಚೌಕಟ್ಟನ್ನು ನೋಡಿದರು, ಗುಂಡಿಯನ್ನು ನೋಡಿದರು.  ತಗಡನ್ನು ಮತ್ತೆ ಮುಚ್ಚಿ, ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಮನೆಯ ಕಡೆ ನಡೆದರು.

ಆದರೂ ಲ್ಯಾಬಿನ ಉತ್ತರ ಬರುವವರೆಗೆ ಖಚಿತವಾಗಿ ಹೇಳುವ ಹಾಗಿರಲಿಲ್ಲ. ನಡುವಿನ ಬೋರಿಗೂ ಹೋಗಿ ಟೇಪು ಬಿಟ್ಟೆ. ಮಟ್ಟ ನಿಜಕ್ಕೂ ಮೇಲಿತ್ತು. ಆದರೆ ನೀರು ತೆಗೆದು ನೋಡಿದರೆ ಅದರಲ್ಲಿ ಗಣಿಯ ಗುರುತಿರಲಿಲ್ಲ. ಗುಡ್ಡದ ಮೇಲೆ ಬಿದ್ದ ಮಳೆಯ ನೀರೇ ಅದು. ಗಣಿಯ ನೀರು ತನ್ನ ಹಳೆಯ ದಾರಿಯಲ್ಲೇ, ಆ ಹೊಳೆಯ ಕಡೆಗೇ ಹೋಗುತ್ತಿತ್ತು.

ಉತ್ತರ ಬಂತು. ಗಂಡ ಹೇಳಿದ್ದೇ ಸರಿಯಾಗಿತ್ತು. ಬಾವಿಯ ನೀರಿನಲ್ಲಿ ಸಗಣಿಯ ಬ್ಯಾಕ್ಟೀರಿಯಾ ತುಂಬಿತ್ತು. ಕಬ್ಬಿಣ, ಗಂಧಕ ಎಂದಿನ ಹಾಗೆ ಕಡಿಮೆಯೇ. ಇದನ್ನು ಮೊದಲು ಫೋನಿನಲ್ಲೇ ಹೇಳಿದೆ, ಆ ನೀರು ಮುಟ್ಟಬೇಡಿ, ತರಕಾರಿ ತೊಳೆಯಬೇಡಿ, ಹಲ್ಲುಜ್ಜಲೂ ಬೇಡ ಎಂದೆ. ಉಳಿದದ್ದನ್ನು ಎದುರಿಗೆ ಕೂತು ಹೇಳಬೇಕು ಅನ್ನಿಸಿತು. ಆ ವಾರವೇ ಹೋದೆ.

ಅಕ್ಕ ಸ್ವಲ್ಪ ಚೇತರಿಸಿಕೊಂಡಿದ್ದರು. ಅಡುಗೆಮನೆಯ ಮೇಜಿನ ಒಂದು ಕಡೆ ಅವರು, ಎದುರಿಗೆ ನಾನು. ಒಲೆಯ ಹತ್ತಿರ ತಮ್ಮ. ನಾನು ಎಲ್ಲವನ್ನೂ ಕ್ರಮವಾಗಿ ಹೇಳಿದೆ. ದನಗಳ ವಿಷಯ ಬಂದಾಗ ಚೌಕಟ್ಟನ್ನು ಯಾರು ಅಲ್ಲಿಟ್ಟರು ಎಂಬುದನ್ನು ಬಿಟ್ಟೆ. ತಮ್ಮ ತಾವಾಗಿಯೇ, ಅದನ್ನು ಅಲ್ಲಿಗೆ ಎಳೆದು ತಂದವನು ನಾನೇ ಎಂದರು. ಅಕ್ಕ ಅವರ ಕಡೆ ತಿರುಗಿ ನೋಡಲಿಲ್ಲ.

"ಹಾಗಾದ್ರೆ ಗಣಿಯಿಂದ ಏನೂ ಇಲ್ಲ?" ಎಂದು ನನ್ನನ್ನೇ ಕೇಳಿದರು.

"ನಿಮ್ಮ ಬಾವಿಗೆ ಇಲ್ಲ."

"ಇನ್ನೊಂದು ಸಲ ನೋಡಬಹುದಾ?"

"ನೋಡ್ತೀನಿ. ಆದ್ರೆ ಬೇರೆ ಉತ್ತರ ಬರತ್ತೆ ಅಂತ ನನಗೆ ಅನ್ನಿಸಲ್ಲ."

ಅವರು ಮೇಜಿನ ಮೇಲಿದ್ದ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು. ಕಾಯಿಲೆಯ ಕಾರಣ ಗೊತ್ತಾಯಿತು, ಸರಿಪಡಿಸುವುದೂ ಕಷ್ಟವಲ್ಲ. ನನಗಿದ್ದ ಅನುಭವದಲ್ಲಿ ಇಷ್ಟಕ್ಕೇ ಜನರಿಗೆ ಸಮಾಧಾನವಾಗುತ್ತದೆ. ಅವರ ಮುಖದಲ್ಲಿ ಏನೋ ಕಳೆದುಕೊಂಡವರ ಭಾವ ಇತ್ತು. ನಾನು ಹೊಳೆಯ ಮಾತು ತೆಗೆದೆ. ಅಲ್ಲಿ ನೀರು ಕೆಟ್ಟಿರುವುದಕ್ಕೆ ಗಣಿಯೇ ಕಾರಣ, ಅದನ್ನು ನಾವು ಪ್ರತಿ ಸಲವೂ ಬರೆದುಕೊಡುತ್ತೇವೆ ಎಂದೆ.

"ಹೊಳೆಯ ವಿಷಯ ಎಲ್ಲರಿಗೂ ಗೊತ್ತು ಪೆಟ್," ಅಂದರು. "ಆ ಗಣಿ ನಮಗೆ, ಈ ಮನೆಗೆ, ಕೆಡುಕು ಮಾಡಿದೆ ಅಂತ ಇದುವರೆಗೂ ಯಾರೂ ಬಾಯಿಬಿಟ್ಟು ಹೇಳಿಲ್ಲ. ನಿನ್ನ ಯಂತ್ರವಾದ್ರೂ ಹೇಳತ್ತೆ ಅಂದ್ಕೊಂಡಿದ್ದೆ."

ಆಗ ನನಗೆ ಅರ್ಥವಾಯಿತು. ನಾನು ಕಬ್ಬಿಣ ಕಡಿಮೆ ಎಂದಾಗಲೆಲ್ಲ ಅವರ ಮುಖ ಯಾಕೆ ಹಾಗಾಗುತ್ತಿತ್ತು ಎಂಬುದು. ಅವರು ಕೇಳುತ್ತಿದ್ದದ್ದು ಬಾವಿಯ ಬಗ್ಗೆ ಅಲ್ಲ. ಆದರೆ ಅವರು ಕೇಳುತ್ತಿದ್ದ ವಿಷಯಕ್ಕೆ ನನ್ನ ಹತ್ತಿರ ಯಾವ ಬಾಟಲಿಯೂ ಇರಲಿಲ್ಲ.

ಒಲೆಯ ಹತ್ತಿರ ತಮ್ಮ ಮಾತಾಡಿದರು. ತಲೆ ತಗ್ಗಿಸಿಕೊಂಡೇ ಹೇಳಿದರು.

"ಅಪ್ಪ ಹೋಗಿದ್ದು ಹೃದಯದಿಂದ ಅಲ್ಲ. ಧೂಳಿನಿಂದ. ಒಳಗಿದ್ದವರಿಗೆಲ್ಲ ಗೊತ್ತಿತ್ತು."

ಅಕ್ಕ ಬಟ್ಟೆ ಮಡಿಸುವುದನ್ನು ನಿಲ್ಲಿಸಿದರು.

"ನಿನಗೂ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನೀನು ಇಳಿದೆ."

"ಬೇರೆ ಕೆಲಸ ಎಲ್ಲಿತ್ತು? ಹೇಳಿದ್ರೆ ನೀನು ನನ್ನನ್ನ ಬಿಡ್ತಿರಲಿಲ್ಲ."

 ನನಗೆ ಎದ್ದು ಹೋಗಬೇಕೋ ಕೂರಬೇಕೋ ತಿಳಿಯಲಿಲ್ಲ. ಆಮೇಲೆ ಅಕ್ಕ ತಂದೆಯ ಕೊನೆಯ ದಿನಗಳ ಬಗ್ಗೆ ಹೇಳಲು ಶುರು ಮಾಡಿದರು. ನನಗೆ ಹೇಳುತ್ತಿದ್ದರೋ ತಮ್ಮನಿಗೋ ಗೊತ್ತಿಲ್ಲ. ಮಲಗಿದರೆ ಉಸಿರು ಸಿಕ್ಕಿಕೊಳ್ಳುತ್ತಿದ್ದುದರಿಂದ ತಂದೆ ಇದೇ ಅಡುಗೆಮನೆಯಲ್ಲಿ ಕುರ್ಚಿಯ ಬೆನ್ನಿಗೆ ತಲೆಯಾನಿಸಿ ನಿದ್ದೆ ಮಾಡುತ್ತಿದ್ದರು. ಕೆಮ್ಮಿದಾಗ ಕರವಸ್ತ್ರ ಕಪ್ಪಾಗುತ್ತಿತ್ತು. ಅದನ್ನು ಒಗೆಯುವ ಕೆಲಸ ಅಕ್ಕನದು. ಶಾಲೆಯಿಂದ ಬಂದು ಮೊದಲು ಅದನ್ನು ಮಾಡುತ್ತಿದ್ದರು. ಹೃದಯದ ಕಾಯಿಲೆಗೆ ಬಟ್ಟೆ ಕಪ್ಪಾಗುವುದಿಲ್ಲ ಎಂದು ಅಂದೇ ತಾಯಿಗೆ ಹೇಳಿದ್ದರಂತೆ. ತಾಯಿ, ಸುಮ್ಮನಿರು ಅಂದಿದ್ದರು. ಊರಿನ ಅರ್ಧ ಮನೆಗಳ ಊಟ ಗಣಿಯಿಂದಲೇ ಬರುತ್ತಿದ್ದ ಕಾಲ ಅದು.

"ನಂಗೆ ಭ್ರಮೆ ಅಂತ ನೀವೆಲ್ಲ ಅಂದ್ಕೊಂಡಿದ್ದೀರಿ ಅಂತಲೇ ನಾನು ತಿಳ್ಕೊಂಡಿದ್ದೆ," ಎಂದು ಅಕ್ಕ ತಮ್ಮನಿಗೆ ಹೇಳಿದರು. "ಇಷ್ಟು ವರ್ಷ."

ಇಲ್ಲ ಎಂದು ತಮ್ಮ ತಲೆಯಾಡಿಸಿದರು. ಅಕ್ಕ ಎದ್ದು, ಬಾಟಲಿಯ ನೀರನ್ನು ಕೆಟಲಿಗೆ ಸುರಿದು, ಮೂರು ಕಪ್ಪು ತೆಗೆದಿಟ್ಟರು.  ನಾನು ಸಹಾಯ ಮಾಡಲು ಎದ್ದರೆ ಕೂರು ಅಂದರು. ಚಹಾ ಕುಡಿಯುತ್ತ ಬಾವಿಯನ್ನು ಹೇಗೆ ಸರಿಮಾಡುವುದು ಎಂದು ಮಾತಾಡಿದೆವು. ಆ ಮಾತಿಗೆ ಮೂವರೂ ಅಂಟಿಕೊಂಡೆವು. ಪೈಪನ್ನು ನೆಲದಿಂದ ಮೇಲಕ್ಕೆ ಎತ್ತರಿಸಿ ಮುಚ್ಚಳ ಹಾಕುವುದು, ಸುತ್ತ ಸಿಮೆಂಟು ಹಾಕುವುದು, ದನಗಳು ಹತ್ತಿರ ಬರದ ಹಾಗೆ ಬೇಲಿ, ಮನೆಯೊಳಗೆ ನೀರು ಬರುವ ಪೈಪಿಗೆ ಕ್ರಿಮಿ ಕೊಲ್ಲುವ ದೀಪದ ಫಿಲ್ಟರು. ಯಾರನ್ನು ಕರೆಯಬೇಕು ಎಂದು ನಾನು ಹೇಳಿದೆ. ತಮ್ಮ ಎಲ್ಲದಕ್ಕೂ ಹೂಂ ಅನ್ನುತ್ತಿದ್ದರು.

ಹೊರಡುವಾಗ ಗೇಟಿನವರೆಗೆ ತಮ್ಮ ಬಂದರು. ಕಾರಿನ ಬಾಗಿಲು ಹಿಡಿದುಕೊಂಡು, ಅವಳು ಸಾಯಬಹುದಿತ್ತು ಅಲ್ಲವಾ ಎಂದು ಕೇಳಿದರು. ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಹೌದು, ಆದರೆ ಸಾಯಲಿಲ್ಲ ಎಂದೆ. ಅವರು ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

ದಾರಿಯಲ್ಲಿ ಹೊಳೆಯ ಸೇತುವೆಯ ಹತ್ತಿರ ಕಾರು ನಿಲ್ಲಿಸಿದೆ. ಆ ದಿನ ಅಲ್ಲಿ ನೀರು ತೆಗೆಯುವ ಕೆಲಸ ಇರಲಿಲ್ಲ. ಸುಮ್ಮನೆ ನಿಂತು ಆಫೀಸಿಗೆ ಫೋನ್ ಮಾಡಿ, ಗುಡ್ಡ ಇಳಿದೆ ಎಂದು ಹೇಳಿದೆ. ಮೇಲಧಿಕಾರಿ, ಅವರು ಹೇಗೆ ತೆಗೆದುಕೊಂಡರು ಎಂದು ಕೇಳಿದಳು. ಎರಡು ಮಾತಿನಲ್ಲಿ ಹೇಳುವ ಹಾಗಿರಲಿಲ್ಲ. ಪರವಾಗಿಲ್ಲ ಎಂದೆ. ಆಕೆ ಇನ್ನೊಂದು ಕೆಲಸ ಮಾಡಿದಳು. ಗಣಿಯ ಸುತ್ತಲಿನ ಉಳಿದ ಮನೆಗಳ ಬಾವಿಗಳನ್ನೂ ಬ್ಯಾಕ್ಟೀರಿಯಾಕ್ಕೆ ನೋಡಬೇಕೆಂದು ಕೆಲಸ ವಹಿಸಿದವರಿಗೆ ಬರೆದಳು. ಅವರು ಒಪ್ಪಿಕೊಂಡರು. ಇನ್ನೂ ಒಂದು ಬಾವಿ ಕೆಟ್ಟಿರುವುದು ಸಿಕ್ಕಿತು. ಅಲ್ಲಿ ಪುಟ್ಟ ಮಕ್ಕಳಿದ್ದರು, ಇನ್ನೂ ಯಾರಿಗೂ ಏನೂ ಆಗಿರಲಿಲ್ಲ.

ಬೇಸಿಗೆಯ ಸುತ್ತಿಗೆ ಹೋಗುವ ಹೊತ್ತಿಗೆ ಅಕ್ಕನ ಬಾವಿ ಹೊಸ ರೂಪ ಪಡೆದಿತ್ತು. ಪೈಪು ಮೊಣಕಾಲೆತ್ತರಕ್ಕೆ ಬಂದು, ಮೇಲೆ ಬಿಗಿಯಾದ ಮುಚ್ಚಳ. ತಮ್ಮ ಅದರ ಸುತ್ತ ಸಿಮೆಂಟು ಹಾಕಿ, ಬೇಲಿ ನೆಟ್ಟು, ಬೇಲಿಗೆ ಬಿಳಿ ಬಣ್ಣ ಬಳಿದಿದ್ದರು. ದನಗಳ ಚೌಕಟ್ಟು ಹೊಲದ ಇನ್ನೊಂದು ತುದಿಗೆ ಹೋಗಿತ್ತು. ಪರೀಕ್ಷೆಯಲ್ಲಿ ನೀರು ಶುದ್ಧವಾಗಿ ಬಂತು. ಈ ಸಲ ನಾನು ಬರೀ ಒಂದು ಪದ ಹೇಳಿ ಮುಗಿಸಲಿಲ್ಲ. ಏನೇನು ನೋಡಿದ್ದೇನೆ, ಏನೇನು ನೋಡಿಲ್ಲ ಎಂದು ಎರಡನ್ನೂ ಹೇಳಿದೆ. ಈಗಲೂ ಪ್ರತಿ ಮನೆಯಲ್ಲೂ ಹಾಗೇ ಹೇಳುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ.

ಅಕ್ಕ ಆ ನೀರನ್ನು ತಕ್ಷಣ ಕುಡಿಯಲಿಲ್ಲ. ಬಟ್ಟೆಗೆ, ಸ್ನಾನಕ್ಕೆ ಅಷ್ಟೇ. ಕುಡಿಯಲು ಬಾಟಲಿಯೇ. ಅದು ನನಗೆ ಸರಿಯೆಂದೇ ಅನ್ನಿಸಿತು. ನಂಬಿಕೆ ಬರುವುದಕ್ಕೆ ಅವರಿಗೆ ಬೇಕಾದಷ್ಟು ಸಮಯ ಬೇಕಿತ್ತು. ಒಂದು ವರ್ಷದ ಮೇಲೆ ಒಂದು ದಿನ ನಾನು ಹೋದಾಗ ನಲ್ಲಿಯಿಂದಲೇ ಕೆಟಲಿಗೆ ನೀರು ಹಿಡಿದರು. ನಾನು ಗಮನಿಸಿದೆ, ಅವರೂ ನಾನು ಗಮನಿಸಿದ್ದನ್ನು ಗಮನಿಸಿದರು. 

ಅದಕ್ಕಿಂತ ದೊಡ್ಡ ಬದಲಾವಣೆ ಆಗಿದ್ದು ತಮ್ಮನ ವಿಷಯದಲ್ಲಿ. ಅವರಿಗೂ ಕೆಲವು ವರ್ಷಗಳಿಂದ ಮೇಲಿನ ಹೊಲಕ್ಕೆ ಹತ್ತಿದರೆ ಏದುಸಿರು ಬರುತ್ತಿತ್ತು. ವಯಸ್ಸಾಯಿತು ಎಂದು ತಳ್ಳಿಹಾಕುತ್ತಿದ್ದರು. ಡಾಕ್ಟರ ಹತ್ತಿರ ಹೋದಾಗಲೂ ತಾನು ರೈತ ಎಂದಷ್ಟೇ ಹೇಳುತ್ತಿದ್ದರಂತೆ, ಗಣಿಯ ಮಾತು ಎತ್ತಿಯೇ ಇರಲಿಲ್ಲ. ಆ ದಿನ ಅಡುಗೆಮನೆಯಲ್ಲಿ ಮಾತಾದ ಮೇಲೆ ಅಕ್ಕ ಬಿಡಲಿಲ್ಲ. ಮೈಯಲ್ಲಿ ಶಕ್ತಿ ಬಂದ ಕೂಡಲೇ ತಾವೇ ಕಾರು ಓಡಿಸಿಕೊಂಡು ಕರೆದುಕೊಂಡು ಹೋದರು. ಡಾಕ್ಟರ ಎದುರು ಕೂತು, ಇವನು ಹದಿನೇಳನೇ ವಯಸ್ಸಿನಿಂದ ಕಲ್ಲಿದ್ದಲು ಗಣಿಯೊಳಗೆ ಇದ್ದವನು ಎಂದು ತಾವೇ ಹೇಳಿದರು. ಎಕ್ಸರೇ, ಸ್ಕ್ಯಾನ್ ಆಯಿತು. ಶ್ವಾಸಕೋಶದಲ್ಲಿ ಧೂಳಿನ ಗುರುತು ಇದೆ ಎಂದರು. ತಂದೆಯಷ್ಟು ಕೆಟ್ಟದಾಗಿ ಅಲ್ಲ. ವಾಸಿಯಾಗುವುದಲ್ಲ, ಆದರೆ ನೋಡಿಕೊಂಡಿದ್ದರೆ ನಿಧಾನವಾಗಿ ಸಾಗುತ್ತದೆ ಎಂದು ಹೇಳಿ, ಉಸಿರಿನ ಜೊತೆ ಎಳೆದುಕೊಳ್ಳುವ ಔಷಧಿ ಕೊಟ್ಟು ಕಳಿಸಿದರು.

ಇದನ್ನು ಅಕ್ಕ ನನಗೆ ಹೇಳಿದ್ದು ಬಾವಿಯ ಬೇಲಿಯ ಹತ್ತಿರ ನಿಂತುಕೊಂಡು. ಕೊನೆಗೂ ಒಬ್ಬ ಡಾಕ್ಟರ್ ಬಾಯಿಂದ ಆ ಮಾತು ಕೇಳಿದೆ ಎಂದರು. ಕೇಳಿ ಸಂತೋಷವಾಯಿತೇ ಎಂದು ನಾನು ಕೇಳಲಿಲ್ಲ. ತಮ್ಮನ ಎದೆಯಲ್ಲಿ ಅದು ಇದೆ ಎಂದು ಕೇಳಿದವರಿಗೆ ಸಂತೋಷ ಹೇಗಾದೀತು. ಆದರೂ ಅವರ ಮಾತಿನಲ್ಲಿ ಮೊದಲಿದ್ದ ಬಿಗಿ ಇರಲಿಲ್ಲ.

ಹೋದ ತಿಂಗಳು ಹೋಗಿದ್ದೆ. ನಡುವಿನ ಬೋರಿನಲ್ಲಿ ಮಟ್ಟ ಎಂದಿನ ಹಾಗಿತ್ತು. ನಾನು ಟೇಪು ಸುತ್ತುತ್ತಿರುವಾಗ ತಮ್ಮ ಕೋಲೂರಿಕೊಂಡು ಹೊಲ ದಾಟಿ ಬಂದರು. ಬಂದವರು ಅಲ್ಲೇ ಒಂದು ಕಲ್ಲಿನ ಮೇಲೆ ಕೂತು, ಗಣಿಯೊಳಗಿನ ಕಥೆ ಹೇಳಲು ಶುರು ಮಾಡಿದರು. ಒಳಗೆ ಎಷ್ಟು ತಗ್ಗಾಗಿತ್ತೆಂದರೆ ಮಲಗಿಕೊಂಡೇ ಕಲ್ಲಿದ್ದಲು ಒಡೆಯಬೇಕಾಗಿತ್ತು, ಊಟದ ಬ್ರೆಡ್ಡನ್ನು ಇಲಿಗಳಿಂದ ಹೇಗೆ ಕಾಪಾಡಿಕೊಳ್ಳುತ್ತಿದ್ದರು, ಒಂದು ಸಲ ಛಾವಣಿ ಕುಸಿದಾಗ ಪಕ್ಕದವನನ್ನು ಹೇಗೆ ಎಳೆದು ತಂದರು, ಹೀಗೆ. ನಡುನಡುವೆ ಉಸಿರಿಗೆ ನಿಲ್ಲಿಸುತ್ತಿದ್ದರು. ನಾನು ಬಾಟಲಿಗಳಿಗೆ ಚೀಟಿ ಅಂಟಿಸುತ್ತ ಕೇಳಿದೆ.

ಆಮೇಲೆ ಮನೆಗೆ ಹೋದಾಗ ಅಕ್ಕ ಬಾಗಿಲಲ್ಲಿ ನಿಂತು, ನಿನ್ನನ್ನೂ ಹಿಡಿದುಕೊಂಡನಾ ಎಂದು ಕೇಳಿದರು. ಅಂಚೆಯವನನ್ನೂ ಬಿಡುವುದಿಲ್ಲವಂತೆ, ಚರ್ಚಿನಿಂದ ಬರುವಾಗ ದಾರಿಯಲ್ಲಿ ಸಿಕ್ಕವರನ್ನೂ ಬಿಡುವುದಿಲ್ಲವಂತೆ.

"ಅಷ್ಟು ವರ್ಷ ಬಾಯಿ ಬಿಡಲಿಲ್ಲ. ಈಗ ಮುಚ್ಚೋದಿಲ್ಲ," ಅಂದರು. ಹೇಳಿ, ತಮ್ಮನಿಗೆ ಒಳಗೆ ಬಂದು ಬೂಟು ಬಿಚ್ಚುವ ಹಾಗೆ ಕೂಗಿದರು.